ಸ್ಪೀಕರ್ ಕಾಣದಿದ್ದರೂ ಮಾತು ಕೇಳಬೇಕು



ವಾರ್ಷಿಕ ವಂತಿಗೆಯ ಪಾವತಿ ಪುಸ್ತಕ ಹಿಡಿದು ಈ ಸಲ ಸೊಲ್ಲಾಪುರ, ಅಕ್ಕಲಕೋಟದ ಸದಸ್ಯರ ಮನೆಗಳಿಗೆ ಹೋದಾಗ ಹಲವು ಕಡೆ ಬಡಗಿಯವರು ಕೆಲಸದಲ್ಲಿದ್ದರು. ಪಡಸಾಲೆಗೆ ಫಾಲ್ಸ್ ಸೀಲಿಂಗ್, ಗೋಡೆಗೆ ಟಿವಿ ಯೂನಿಟ್, ಮೂಲೆ ಮೂಲೆಗೆ ಅಡಗಿಸಿಟ್ಟ ಲೈಟು. ಚಹಾ ಕುಡಿಯುವಾಗ ಮನೆಯವರು ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಈ ಸ್ಪೀಕರ್ ಡಬ್ಬಿ ಕಣ್ಣಿಗೆ ಕಾಣದಂಗ ಎಲ್ಲಿ ಇಡಬೇಕ್ರಿ?" ಸಂಘದ ಕಾರ್ಯಕ್ರಮಗಳಲ್ಲಿ ಮೈಕಿನವರ ಹಿಂದೆ ನಿಂತು ಬಾಕ್ಸು ಅತ್ತ ಸರಿಸಿ, ಇತ್ತ ಸರಿಸಿ ಎಂದು ಮೂವತ್ತು ವರ್ಷ ಹೇಳಿದವರೆಂಬ ಕಾರಣಕ್ಕೆ ನಮ್ಮನ್ನು ಕೇಳಿದ್ದಾರೆ. ನಾವು ಧ್ವನಿ ತಜ್ಞರಲ್ಲ. ಆದರೂ ಓದಿ ತಿಳಿದದ್ದನ್ನು, ನೋಡಿ ಕಲಿತದ್ದನ್ನು ಒಂದು ಕಡೆ ಬರೆದಿಟ್ಟರೆ ಹತ್ತು ಜನಕ್ಕೆ ಉಪಯೋಗವಾದೀತೆಂದು ಈ ಲೇಖನ.

ಕನ್ನಡ ಸಂಘದ ಪತ್ರಿಕೆಯಲ್ಲಿ ಸ್ಪೀಕರಿನ ವಿಷಯ ಏಕೆ ಎಂದು ಕೇಳುವವರೂ ಇದ್ದಾರೆ. ನಮ್ಮ ಊರುಗಳಲ್ಲಿ ಮನೆಯ ಹೊಸ್ತಿಲು ದಾಟಿದರೆ ಅಂಗಡಿ, ಆಫೀಸು, ಬಸ್ಸಿನ ಬೋರ್ಡು ಎಲ್ಲವೂ ಮರಾಠಿ. ಮೊಮ್ಮಕ್ಕಳ ಶಾಲೆ ಮರಾಠಿ ಇಲ್ಲವೆ ಇಂಗ್ಲಿಷ್. ಅವರ ಕಿವಿಗೆ ಬೀಳುವ ಕನ್ನಡ ಎಂದರೆ ಅಜ್ಜಿ ಆಡುವ ಮಾತು, ಆಮೇಲೆ ಪಡಸಾಲೆಯಲ್ಲಿ ಹಚ್ಚಿದ ವಚನ ಗಾಯನ, ಕಲಬುರಗಿ ಅಥವಾ ಧಾರವಾಡ ಆಕಾಶವಾಣಿಯ ವಾರ್ತೆ, ಯಾವುದೋ ನಾಟಕದ ಧ್ವನಿಮುದ್ರಣ. ಅದು ಸ್ಪಷ್ಟವಾಗಿ ಕೇಳಿಸುತ್ತದೆಯೋ ಗುಂಯ್‌ಗುಡುತ್ತದೆಯೋ ಎಂಬುದು ಬಡಗಿ ಆ ಡಬ್ಬಿಯನ್ನು ಎಲ್ಲಿ ಕೂರಿಸಿದ ಎಂಬುದರ ಮೇಲಿದೆ.

ಮೊದಲು ಸ್ವಲ್ಪ ಶಾಸ್ತ್ರ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ (ನಮ್ಮ ಸೊಲ್ಲಾಪುರದ ಬೇಸಿಗೆಯಲ್ಲಿ ಇನ್ನೂ ತುಸು ಜೋರು). ತಬಲಾದ ಡಗ್ಗೆಯ ದಪ್ಪ ನಾದ 100 ಹರ್ಟ್ಜ್ ಎಂದು ಹಿಡಿಯಿರಿ. ಅದರ ಒಂದು ಅಲೆಯ ಉದ್ದ ಮೂರೂವರೆ ಮೀಟರ್, ಅಂದರೆ ಒಂದು ಸಣ್ಣ ಕೋಣೆಯಷ್ಟು. 'ಸ' ಎನ್ನುವಾಗ ಹಲ್ಲಿನ ಸಂದಿಯಿಂದ ಬರುವ ಸಪ್ಪಳ 5000 ಹರ್ಟ್ಜ್‌ನ ಆಸುಪಾಸಿನದು. ಅದರ ಅಲೆ ಏಳು ಸೆಂಟಿಮೀಟರ್ ಮಾತ್ರ, ಒಂದು ಬೆರಳುದ್ದ. ಉದ್ದನೆಯ ಅಲೆ ಸೋಫಾ, ಕಪಾಟು, ಕಂಬ ಯಾವುದೇ ಅಡ್ಡ ಬಂದರೂ ಬಳಸಿಕೊಂಡು ಮುಂದೆ ಹೋಗುತ್ತದೆ. ಬೆರಳುದ್ದದ ಅಲೆಗೆ ಆ ಶಕ್ತಿ ಇಲ್ಲ. ಹಲಗೆ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ, ದಪ್ಪ ಬಟ್ಟೆ ಅಡ್ಡ ಬಂದರೆ ಅದರೊಳಗೇ ಇಂಗಿಹೋಗುತ್ತದೆ. ಪಕ್ಕದ ಮನೆಯ ಹಾಡು ಗೋಡೆಯಾಚೆಯಿಂದ ಬರೀ ಧಬ್ ಧಬ್ ಎಂದು ಕೇಳಿಸುವುದು, ಹಾಡಿನ ಮಾತು ಮಾತ್ರ ತಿಳಿಯದಿರುವುದು ಇದೇ ಕಾರಣಕ್ಕೆ.

ಇದನ್ನೇ ಭಾಷೆಗೆ ಹೊಂದಿಸಿ ನೋಡಿ. ಅ, ಆ, ಉ, ಓ ಮೊದಲಾದ ಸ್ವರಗಳ ಬಲವೆಲ್ಲ ಹೆಚ್ಚಾಗಿ 1000 ಹರ್ಟ್ಜ್‌ಗಿಂತ ಕೆಳಗಿದೆ. ಸ, ಶ, ಚ, ತ, ಕ ಇಂಥ ವ್ಯಂಜನಗಳ ಗುರುತು ಇರುವುದು ಸುಮಾರು 2000ದಿಂದ 8000 ಹರ್ಟ್ಜ್‌ವರೆಗೆ. ಕಾಲು, ಹಾಲು, ಪಾಲು, ಸಾಲು: ಈ ನಾಲ್ಕನ್ನೂ ಬಾಯಿಗೆ ಟವೆಲ್ಲು ಒತ್ತಿಕೊಂಡು ಹೇಳಿ ನೋಡಿ. ನಾಲ್ಕಕ್ಕೂ ಉಳಿಯುವುದು 'ಆಲು' ಒಂದೇ. ಸ್ಪೀಕರನ್ನು ಕಪಾಟಿನ ಬಾಗಿಲ ಹಿಂದೆ ಬಚ್ಚಿಟ್ಟಾಗಲೂ ಆಗುವುದು ಇದೇ. ಧ್ವನಿ ಇದೆ, ಮಾತು ಇಲ್ಲ.

ಹಳೆಯ ಲ್ಯಾಂಡ್‌ಲೈನ್ ಫೋನು 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಆಫೀಸಿನಲ್ಲಿ ನಮ್ಮ ತಲೆಮಾರಿನವರು ಟ್ರಂಕ್ ಕಾಲ್ ಹಿಡಿದು ಒಂದೊಂದು ಹೆಸರನ್ನೂ ಅಕ್ಷರ ಬಿಡಿಸಿ ಕೂಗಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತು, ಇದು ಮುಖ್ಯ. ತುಂಬು ಬಲ್ಲ ಭಾಷೆಯಲ್ಲಿ ಒಂದು ಅಕ್ಷರ ತಪ್ಪಿದರೂ ನಮ್ಮ ತಲೆ ಅದನ್ನು ತಾನೇ ತುಂಬಿಕೊಳ್ಳುತ್ತದೆ. "ಎಮ್ಮೆ ...ಆಲು ಕರೆಯಿತು" ಎಂದರೆ ಹಾಲು ಎಂದು ನಮಗೆ ಗೊತ್ತು. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಗುವಿನಲ್ಲಿ ಹಾಗೆ ತುಂಬಿಕೊಳ್ಳಲು ಬೇಕಾದ ದಾಸ್ತಾನು ಇಲ್ಲ. ಅದು ಕೇಳಿದ್ದನ್ನೇ ಕಲಿಯಬೇಕು. ಹಾಗಾಗಿ ಮಬ್ಬು ಧ್ವನಿಯಿಂದ ದೊಡ್ಡವರಿಗೆ ಆಗುವ ನಷ್ಟ ಒಂದಾಣೆಯದಾದರೆ ಮಗುವಿಗೆ ಎಂಟಾಣೆಯದು. "ನಮ್ಮ ಮೊಮ್ಮಗ ಕನ್ನಡ ಹಾಡು ಹಚ್ಚಿದರೆ ಎದ್ದು ಹೋಗುತ್ತಾನೆ" ಎನ್ನುವ ಹಿರಿಯರಿಗೆ ನಾವು ಕೇಳುವುದಿಷ್ಟೆ: ಅವನು ಕುಳಿತ ಜಾಗದಲ್ಲಿ ನೀವೊಮ್ಮೆ ಕುಳಿತು ಕೇಳಿದ್ದೀರಾ?

ಎರಡನೆಯ ನಷ್ಟ ಹಿರಿಯರದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇವೇ ಸಣ್ಣ ಅಲೆಗಳನ್ನು. ದಪ್ಪ ಧ್ವನಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಆದ್ದರಿಂದ ತಮಗೆ ಕಿವಿ ಮಂದವೆಂದು ಅವರೇ ಒಪ್ಪುವುದಿಲ್ಲ. "ಕೇಳಸ್ತದ, ಆದ್ರ ತಿಳಿಯೂದಿಲ್ಲ" ಎನ್ನುತ್ತಾರೆ. ಅಂಥವರ ಮನೆಯಲ್ಲಿ ಸ್ಪೀಕರಿನ ಮುಂದೆ ಹಲಗೆ ನಿಲ್ಲಿಸಿದರೆ ಕಿವಿ ಅರ್ಧ ಬಿಟ್ಟದ್ದನ್ನು ಕಪಾಟು ಪೂರಾ ತಿಂದುಹಾಕುತ್ತದೆ.

ಅಕ್ಕಲಕೋಟದ ಸದಸ್ಯರೊಬ್ಬರ ಮನೆಯಲ್ಲಿ ನಾವು ಕಂಡದ್ದು ಹೀಗೇ. ಅವರ ತಾಯಿಗೆ ಎಂಬತ್ತರ ಮೇಲೆ ವಯಸ್ಸು. ಬೆಳಗಿನ ಜಾವ ವಚನ ಗಾಯನ ಕೇಳುವುದು ಆ ತಾಯಿಯ ಎಷ್ಟೋ ವರ್ಷಗಳ ರೂಢಿ. ಮನೆ ನವೀಕರಣವಾದ ಮೇಲೆ ಅವರು ಅದನ್ನು ಬಿಟ್ಟುಬಿಟ್ಟಿದ್ದರು. ಹಚ್ಚಿದರೆ "ಬಂದ್ ಮಾಡಪಾ, ಬರೇ ಗದ್ದಲ" ಎನ್ನುತ್ತಿದ್ದರಂತೆ. ವಯಸ್ಸಾಯಿತು, ಆಸಕ್ತಿ ಹೋಯಿತು ಎಂದು ಮನೆಯವರು ತಿಳಿದಿದ್ದರು. ಟಿವಿ ಯೂನಿಟ್ ನೋಡಿದೆವು. ಬಹಳ ಅಚ್ಚುಕಟ್ಟಾದ ಕೆಲಸ. ಕೆಳಗಿನ ಎರಡು ಖಾನೆಗಳಲ್ಲಿ ಎರಡು ಸ್ಪೀಕರ್, ಮುಂದೆ ಮುಕ್ಕಾಲು ಇಂಚಿನ ಪ್ಲೈವುಡ್ ಬಾಗಿಲು, ಮೇಲೆ ಹೊಳೆಯುವ ಲ್ಯಾಮಿನೇಟ್. ಧ್ವನಿ ಹೊರಬರಲು ಹಿಂದೆ ವೈರಿಗೆಂದು ಕೊರೆದ ತೂತೊಂದೇ ದಾರಿ. ಬಾಗಿಲು ತೆರೆದು ಅದೇ ಮುದ್ರಿಕೆ ಹಚ್ಚಿದಾಗ ತಾಯಿಯವರು ಒಳಗಿನ ಕೋಣೆಯಿಂದ ಬಂದು ಕುಳಿತರು. ಹಾಡುವವರೊಡನೆ ತಾವೂ ಸಾಲು ಹೇಳತೊಡಗಿದರು. ಮಗ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಬಡಗಿಗೆ ಫೋನು ಹಚ್ಚಿದರು. ಈಗ ಆ ಎರಡು ಬಾಗಿಲುಗಳ ನಡುವಿನ ಹಲಗೆ ಕತ್ತರಿಸಿ, ಚೌಕಟ್ಟು ಮಾತ್ರ ಉಳಿಸಿ ತೆಳು ಬಟ್ಟೆ ಬಿಗಿದಿದ್ದಾರೆ. ದೂರದಿಂದ ನೋಡಿದರೆ ಮೊದಲಿನಂತೆಯೇ ಇದೆ. ಆ ಮೇಲೆ ತಾಯಿಯವರ ಕಿವಿ ಪರೀಕ್ಷೆಯೂ ಆಯಿತು, ಸ್ವಲ್ಪ ಮಂದ ಇದ್ದದ್ದು ನಿಜವೇ ಎಂದು ತಿಳಿಯಿತು. ಆದ್ದರಿಂದ ಮನೆಯ ಹಿರಿಯರು ಮಾತು ತಿಳಿಯದೆಂದರೆ ಸ್ಪೀಕರನ್ನೂ ನೋಡಿ, ಕಿವಿ ಡಾಕ್ಟರರನ್ನೂ ಕಾಣಿ. ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ.

ಇನ್ನು, ಧ್ವನಿಯ ಯಂತ್ರವನ್ನು ಮರೆಮಾಡುವ ಆಸೆ ಇಂದು ನಿನ್ನೆಯದಲ್ಲ. ಮೊದಲ ಗ್ರಾಮಫೋನುಗಳ ಹಿತ್ತಾಳೆಯ ಕಹಳೆ ಪಡಸಾಲೆಯಲ್ಲಿ ಬಾಯಿ ತೆರೆದು ನಿಂತಿರುತ್ತಿತ್ತು. ಅಮೆರಿಕದ ವಿಕ್ಟರ್ ಕಂಪನಿ 1906ರಲ್ಲಿ ವಿಕ್ಟ್ರೋಲಾ ಎಂಬ ಯಂತ್ರ ತಂದು ಆ ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಮಡಚಿಟ್ಟಿತು. ಪೆಟ್ಟಿಗೆಯ ಪುಟ್ಟ ಬಾಗಿಲು ತೆರೆದರೆ ಧ್ವನಿ ಜೋರು, ಮುಚ್ಚಿದರೆ ಸಣ್ಣ. ಇಂದು ನಾವು ಬಳಸುವ ಬಗೆಯ ಲೌಡ್‌ಸ್ಪೀಕರನ್ನು ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು 1925ರಲ್ಲಿ ರೂಪಿಸಿದರು. ಆಮೇಲೆ ರೇಡಿಯೋಗ್ರಾಂ ಎಂಬ, ಬೀರುವಿನಷ್ಟು ದೊಡ್ಡ ಪೀಠೋಪಕರಣ ಬಂತು. ಉಳ್ಳವರ ಮನೆಯಲ್ಲಿ ಅದರ ಮೇಲೆ ಹೂದಾನಿ ಇರುತ್ತಿತ್ತು. ಒಳ್ಳೆಯ ದಪ್ಪ ಧ್ವನಿಗೆ ದೊಡ್ಡ ಪೆಟ್ಟಿಗೆಯೇ ಬೇಕೆಂಬ ನಂಬಿಕೆಯನ್ನು 1954ರಲ್ಲಿ ಎಡ್ಗರ್ ವಿಲ್ಚರ್ ಎಂಬುವರು ಮುರಿದರು. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯ ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡರು, ಸ್ಪೀಕರ್ ಪುಸ್ತಕದ ಕಪಾಟು ಸೇರಿತು. ಬಂಗಾಳಿ ತಂದೆಯ ಮಗ ಅಮರ್ ಬೋಸ್ ಅವರ ಕಂಪನಿ 1987ರಲ್ಲಿ ಅಂಗೈಯಗಲದ ಘನಗಳನ್ನು ಮಾರುಕಟ್ಟೆಗೆ ತಂದಿತು. ದಪ್ಪ ಧ್ವನಿಯ ಪೆಟ್ಟಿಗೆ ಬೇರೆ, ಅದನ್ನು ಸೋಫಾದ ಹಿಂದೆ ಇಟ್ಟರಾಯಿತು. 2019ರಲ್ಲಿ ಐಕಿಯಾ, ಸೋನೋಸ್ ಕಂಪನಿಗಳು ಕೂಡಿ ಮೇಜಿನ ದೀಪದೊಳಗೇ ಸ್ಪೀಕರ್ ಕೂರಿಸಿದವು.

ನಮ್ಮ ಮನೆಗಳ ಚರಿತ್ರೆ ಮಾತ್ರ ತಿರುಗುಮುರುಗು. ರೇಡಿಯೋಕ್ಕೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಕಾಲದಲ್ಲಿ ಮರ್ಫಿಯೋ ಫಿಲಿಪ್ಸೋ ಒಂದು ಸೆಟ್ಟು ಮನೆಗೆ ಬಂದರೆ ಅದನ್ನು ಮುಚ್ಚಿಡುವ ಮಾತೆಲ್ಲಿ! ಬಾಗಿಲಿಗೆ ಎದುರಾಗಿ ಎತ್ತರದ ಹಲಗೆಯ ಮೇಲೆ, ದಾರಿಯಲ್ಲಿ ಹೋಗುವವರಿಗೂ ಕಾಣಬೇಕು. ಕ್ರೋಶಾದ ಹೊದಿಕೆ ಹಾಕುತ್ತಿದ್ದರು ನಿಜ. ಆದರೆ ಗಮನಿಸಿ, ಆ ಹೊದಿಕೆ ತೂತು ತೂತಿನ ಹೆಣಿಗೆಯದು. ಮುಂಭಾಗದ ಬಟ್ಟೆ ಜಾಲರಿಯೂ ಸಡಿಲ ನೇಯ್ಗೆಯದು. ಎತ್ತರ, ತೆರೆದ ಮುಖ, ತೆಳು ಬಟ್ಟೆ ಮೂರೂ ಸರಿಯಾಗಿದ್ದವು. ಧಾರವಾಡ ಕೇಂದ್ರ 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಆರಂಭವಾದವು. ಗಡಿಯ ಈಚೆಯ ನಮ್ಮವರು ಅವುಗಳ ಒಂದೊಂದು ಮಾತನ್ನೂ ಹಿಡಿದದ್ದು ಅಂಥ ಸೆಟ್ಟುಗಳಲ್ಲಿ.

ಹಳೆಯ ಮನೆಗಳೂ ಸಹಾಯ ಮಾಡುತ್ತಿದ್ದವು. ಅಕ್ಕಲಕೋಟದ ಹಳೆಯ ವಾಡೆಗಳನ್ನು, ಹಳ್ಳಿಗಳ ಮಾಳಿಗೆ ಮನೆಗಳನ್ನು ನೆನೆಯಿರಿ. ನೆಲಕ್ಕೆ ಶಹಾಬಾದ ಫರಸಿ ಇದ್ದರೂ ಮೇಲೆ ಜಮಖಾನೆ, ಗಾದಿ, ಲೋಡು. ಗೋಡೆ ಸಗಣಿ ಮಣ್ಣು ಸಾರಿಸಿದ ಒರಟು ಗೋಡೆ. ಮೇಲೆ ಜಂತಿ, ತೊಲೆ, ಮಣ್ಣಿನ ಮಾಳಿಗೆ. ನಡುನಡುವೆ ಗೂಡುಗಳು. ಇಂಥ ಮನೆಯಲ್ಲಿ ಧ್ವನಿ ಪುಟಿಯುವುದಿಲ್ಲ. ಇಂದಿನ ಫ್ಲ್ಯಾಟಿನಲ್ಲಿ ಕನ್ನಡಿಯಂಥ ಟೈಲ್ಸು, ನುಣುಪಾದ ಪುಟ್ಟಿ ಹಚ್ಚಿದ ಗೋಡೆ, ಇಷ್ಟಗಲ ಗಾಜಿನ ಕಿಟಕಿ. ಕೋಣೆ ನೋಡಲು ಚೆಂದ, ಮಾತಾಡಿದರೆ ಬಾವಿ. ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆ ಝಿಣ್ ಎಂಬ ಬಾಲ ಎಳೆದರೆ ಸ್ಪೀಕರ್ ಎಷ್ಟು ಸಾವಿರದ್ದಾದರೂ ಅಷ್ಟಕ್ಕಷ್ಟೆ. ನಮ್ಮಲ್ಲಿ ವಿಜಯಪುರದ ಗೋಳಗುಮ್ಮಟ ನೋಡದವರು ಯಾರೂ ಇರಲಿಕ್ಕಿಲ್ಲ. ಸುಮಾರು 44 ಮೀಟರ್ ಅಗಲದ ಆ ಗುಮ್ಮಟದಡಿ ಒಮ್ಮೆ ಕೂಗಿದ್ದು ಮತ್ತೆ ಮತ್ತೆ ಮರಳಿ ಬರುತ್ತದೆ. ಕೂಗಲು ಮಜಾ, ಅಲ್ಲಿ ಕುಳಿತು ಒಂದು ಉಪನ್ಯಾಸ ಕೇಳಿ ಎಂದರೆ ಯಾರೂ ಕೇಳಲಾರರು. ಹೊಸ ಪಡಸಾಲೆಗಳು ಗೋಳಗುಮ್ಮಟದ ಮರಿಗಳು.

ಇದಕ್ಕೆ ಔಷಧ ಸೊಲ್ಲಾಪುರದವರ ಕೈಯಲ್ಲೇ ಇದೆ ಎಂದರೆ ನಗಬೇಡಿ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಭವನ ಬಳಕೆಗೇ ಬಾರದಂತಾಗಿತ್ತು. ಆಡಿದ ಮಾತು ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು. ಹಿಂದಿನ ಮಾತು ಸಾಯುವ ಮೊದಲೇ ಮುಂದಿನ ಹತ್ತು ಮಾತು ಬಂದು ಕೂಡುತ್ತಿದ್ದವು. ವಾಲೆಸ್ ಸೇಬಿನ್ ಎಂಬ ತರುಣ ಅಧ್ಯಾಪಕರಿಗೆ ಇದನ್ನು ಸರಿಪಡಿಸಲು ಹೇಳಿದರು. ಅವರು ರಾತ್ರಿ ಊರೆಲ್ಲ ಮಲಗಿದ ಮೇಲೆ ಪಕ್ಕದ ನಾಟಕ ಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು ಭವನದಲ್ಲಿ ಹರಡಿ, ಒಂದು ಆರ್ಗನ್ ಪೀಪಿ ಊದಿಸಿ, ನಾದ ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರದಲ್ಲಿ ಎಣಿಸಿದರು. ಮೆತ್ತೆ ಹೆಚ್ಚಿದಷ್ಟೂ ನಾದ ಬೇಗ ಅಡಗಿತು. ಬೆಳಗಾಗುವಷ್ಟರಲ್ಲಿ ಮೆತ್ತೆಗಳೆಲ್ಲ ವಾಪಸು. ಇಂದಿನ ಧ್ವನಿ ವಾಸ್ತುಶಾಸ್ತ್ರ ಹುಟ್ಟಿದ್ದು ಈ ಮೆತ್ತೆಗಳ ಲೆಕ್ಕದಿಂದ.

ಮೆತ್ತೆ ಮಾಡಿದ ಕೆಲಸವನ್ನು ಚಾದರವೂ ಮಾಡುತ್ತದೆ. ದಪ್ಪ ನೂಲಿನ, ಜಕಾರ್ಡ್ ನೇಯ್ಗೆಯ ಸೊಲ್ಲಾಪುರ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಮ್ಮ ಊರಿನ ನೇಕಾರರ ವಾಲ್‌ಹ್ಯಾಂಗಿಂಗುಗಳೂ ಹೆಸರಾದವು. ಟಿವಿಗೆ ಎದುರಿನ, ಅಂದರೆ ಸೋಫಾದ ಹಿಂದಿನ ಗೋಡೆಗೆ ಒಂದು ಚಾದರವನ್ನೋ ಅಜ್ಜಿ ಹೊಲಿದ ಕೌದಿಯನ್ನೋ ಮರದ ಕೋಲಿಗೆ ಸಿಕ್ಕಿಸಿ ತೂಗುಹಾಕಿ. ಗೋಡೆಗೆ ಅಂಟಿಸಬೇಡಿ, ಮೂರು ನಾಲ್ಕು ಇಂಚು ಬಿಟ್ಟು ತೂಗಿದರೆ ಹೀರುವ ಶಕ್ತಿ ಹೆಚ್ಚು. ನೆಲಕ್ಕೆ ಒಂದು ಜಮಖಾನೆ. ಕಿಟಕಿಗೆ ನೆರಿಗೆ ಹೆಚ್ಚಿರುವ ಪರದೆ. ಇಷ್ಟಾದರೆ ಅದೇ ಸ್ಪೀಕರ್ ಬೇರೆಯದೇ ಎನ್ನಿಸುತ್ತದೆ, ಮನೆಗೂ ನಮ್ಮ ನಾಡಿನ ಕಳೆ ಬರುತ್ತದೆ. ಒಂದು ಎಚ್ಚರ: ಚಾದರ ಹೀರುವುದು ಸಣ್ಣ ಅಲೆಗಳನ್ನು. ದಪ್ಪ ಧ್ವನಿ ಮೂಲೆಯಲ್ಲಿ ಗುಂಯ್‌ಗುಟ್ಟಿದರೆ ಅದಕ್ಕೆ ಚಾದರ ಸಾಲದು, ಸ್ಪೀಕರಿನ ಜಾಗವನ್ನೇ ಬದಲಿಸಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ, ಎಲ್ಲಿ ಅಡಗಿಸುವುದು.

ನಮ್ಮ ಮೆಚ್ಚಿನ ಜಾಗ ಗೋಡೆಯ ಗೂಡು. ಹಳೆಯ ಮನೆಯಿದ್ದರೆ ದೀಪವಿಡುತ್ತಿದ್ದ ಗೂಡುಗಳನ್ನು ಮುಚ್ಚಿಸಬೇಡಿ. ನಮ್ಮ ಗೌಂಡಿಗಳಿಗೆ ಕೋನಾಡಾ ಎಂದರೆ ಬೇಗ ತಿಳಿಯುತ್ತದೆ. ಸಣ್ಣ ಸ್ಪೀಕರ್ ಅದರಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಆದರೆ ಸ್ಪೀಕರಿನ ಮುಖ ಗೂಡಿನ ಅಂಚಿಗೆ ಸಮನಾಗಿರಬೇಕು. ಒಳಗೆ ತಳ್ಳಿದರೆ ಗೂಡೇ ಕಹಳೆಯಾಗಿ ಧ್ವನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಸುತ್ತ ಉಳಿದ ಸಂದಿಗೆ ಹಳೆಯ ಹತ್ತಿಯನ್ನೋ ಮಡಚಿದ ಟವೆಲ್ಲನ್ನೋ ತುಂಬಿ. ಇದಕ್ಕಂತೂ ಸೊಲ್ಲಾಪುರದಲ್ಲಿ ಬರವಿಲ್ಲ. ಸ್ಪೀಕರಿನ ಹಿಂಬದಿಗೆ ತೂತಿದ್ದರೆ ಮಾತ್ರ ಅದನ್ನು ಮುಚ್ಚಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಅಷ್ಟು ಜಾಗವಿಲ್ಲದ ಗೂಡಾದರೆ ಹಿಂದೆ ತೂತಿಲ್ಲದ ಸ್ಪೀಕರನ್ನೇ ಕೊಳ್ಳಿ.

ಎತ್ತರ ಬಹಳ ಮುಖ್ಯ. ಸ್ಪೀಕರಿನಲ್ಲಿ ಮೇಲೆ ಕಾಣುವ ಸಣ್ಣ ಗುಂಡನೆಯ ಭಾಗಕ್ಕೆ ಟ್ವೀಟರ್ ಎನ್ನುತ್ತಾರೆ. ವ್ಯಂಜನಗಳೆಲ್ಲ ಬರುವುದು ಅಲ್ಲಿಂದಲೇ. ಸಣ್ಣ ಅಲೆ ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುವುದರಿಂದ ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕೆ, ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಲ್ಲಿರಬೇಕು. ಮನೆಯವರು ಗಾದಿಯ ಮೇಲೆ ನೆಲದಲ್ಲೇ ಕೂರುವುದಾದರೆ ಇನ್ನೂ ಕೆಳಗೆ, ಇಲ್ಲವೆ ಮುಖ ತುಸು ಬಾಗಿರಲಿ. ಮೇಲಿನ ಅಟ್ಟದಲ್ಲೋ ಕೆಳಗಿನ ಖಾನೆಯಲ್ಲೋ ಇಡಲೇಬೇಕಾದರೆ ಅಡಿಗೆ ರಬ್ಬರಿನ ತುಂಡು ಕೊಟ್ಟು ಕಿವಿಯ ಕಡೆ ಓರೆ ಮಾಡಿ. ರಬ್ಬರಿನಿಂದ ಹಲಗೆ ನಡುಗಿ ಗರ್ರೆನ್ನುವುದೂ ನಿಲ್ಲುತ್ತದೆ.

ಮುಂದೆ ಕಟ್ಟುವ ಬಟ್ಟೆಯ ಪರೀಕ್ಷೆ ಸುಲಭ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ದಾಟಿದರೆ ಧ್ವನಿಯೂ ದಾಟುತ್ತದೆ. ಉಸಿರು ಕೆನ್ನೆಗೆ ತಿರುಗಿ ಬಂದರೆ ಧ್ವನಿಯೂ ಹಾಗೇ. ಚಾದರ, ಟವೆಲ್ಲು, ಸೋಫಾದ ರೆಕ್ಸಿನ್, ಅಸ್ತರು ಹಚ್ಚಿದ ಪರದೆ ಇವೆಲ್ಲ ಇಲ್ಲಿ ನಪಾಸು. ಮಲ್‌ಮಲ್, ಸಡಿಲ ನೇಯ್ಗೆಯ ಕೈಮಗ್ಗದ ತೆಳು ಹತ್ತಿ ಬಟ್ಟೆ ಪಾಸು. ಈಚೆಗೆ ಹೆಣ್ಣುಮಕ್ಕಳು ಗುಳೇದಗುಡ್ಡದ ಖಣವನ್ನು ಚೌಕಟ್ಟಿಗೆ ಬಿಗಿದು ಅಲಂಕಾರ ಮಾಡುತ್ತಿದ್ದಾರೆ, ನೋಡಲು ಬಹಳ ಸೊಗಸು. ಆದರೆ ಖಣದ ನೇಯ್ಗೆ ಬಿಗಿ. ನಾವು ಊದಿ ನೋಡಿದ ತುಂಡುಗಳಲ್ಲಿ ಉಸಿರು ಕಷ್ಟಪಟ್ಟೇ ದಾಟಿತು. ಆದ್ದರಿಂದ ಖಣವನ್ನು ಸುತ್ತಲಿನ ಅಂಚಿಗೆ ಬಳಸಿ, ಸ್ಪೀಕರಿನ ಮುಖಕ್ಕೆ ಅದೇ ಬಣ್ಣದ ತೆಳು ಬಟ್ಟೆ ಕೊಡಿ. ಮರದ ಜಾಲಂದ್ರ ಬೇಕೆನ್ನುವವರು ತೂತು ಹೆಚ್ಚು, ಮರ ಕಡಿಮೆ ಇರುವ ಮಾದರಿಯನ್ನೇ ಆರಿಸಿ. ದಪ್ಪ ಎಂಡಿಎಫ್ ಹಲಗೆಯಲ್ಲಿ ನಾಲ್ಕು ಎಲೆ, ಎರಡು ಬಳ್ಳಿ ಕೊರೆದು ಜಾಲಿ ಎಂದು ಕೊಡುತ್ತಾರೆ. ಅದು ಜಾಲಿಯಲ್ಲ, ಬಾಗಿಲು.

ಫಾಲ್ಸ್ ಸೀಲಿಂಗಿನಲ್ಲಿ ಕೂರಿಸುವ ಗುಂಡನೆಯ ಸ್ಪೀಕರಿನ ಬಗ್ಗೆ ನಮ್ಮ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಹಿನ್ನೆಲೆಯಲ್ಲಿ ಕೊಳಲೋ ಶಹನಾಯಿಯೋ ಮೆಲ್ಲಗೆ ಇರಲಿ ಎನ್ನುವವರಿಗೆ ಸರಿ. ಅಂಗಡಿ, ಹೋಟೆಲುಗಳಲ್ಲಿ ಅದಕ್ಕೇ ಬಳಸುತ್ತಾರೆ. ಮಾತು ಕೇಳುವವರಿಗೆ ಅಲ್ಲ. ವಾರ್ತೆ ಓದುವವರ ಮುಖ ಎದುರಿಗೆ, ಧ್ವನಿ ನೆತ್ತಿಯ ಮೇಲೆ. ಹಿರಿಯರು ತುಟಿಯ ಚಲನೆ ನೋಡಿ ಅರ್ಧ ಮಾತು ಹಿಡಿಯುತ್ತಾರೆ. ಆ ಹೊಂದಾಣಿಕೆ ತಪ್ಪುತ್ತದೆ. ಮೇಲಾಗಿ ಸ್ಪೀಕರಿನ ಹಿಂದೆ ಮುಚ್ಚಿದ ಡಬ್ಬಿ ಇಲ್ಲದಿದ್ದರೆ ಅರ್ಧ ಧ್ವನಿ ಮೇಲಿನ ಫ್ಲ್ಯಾಟಿನವರ ಪಾಲು. ಹಾಕಿಸಲೇಬೇಕೆಂದರೆ ಹಿಂಬದಿ ಡಬ್ಬಿ ಇರುವುದನ್ನು ಕೇಳಿ ಪಡೆಯಿರಿ, ಒಂದನ್ನು ಜೋರಾಗಿ ಹಚ್ಚುವ ಬದಲು ನಾಲ್ಕನ್ನು ಮೆಲ್ಲಗೆ ಹಚ್ಚಿ.

ಮನಸಾರೆ ಅಡಗಿಸಬಹುದಾದದ್ದು ಸಬ್‌ವೂಫರ್ ಒಂದೇ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸಲಾರದು. ಸೋಫಾದ ಪಕ್ಕ, ಮೇಜಿನ ಕೆಳಗೆ, ಕುಂಡದ ಹಿಂದೆ ಎಲ್ಲಿಟ್ಟರೂ ನಡೆಯುತ್ತದೆ. ಎರಡು ಗೋಡೆ ಕೂಡುವ ಮೂಲೆ ಮಾತ್ರ ಬೇಡ, ಅಲ್ಲಿ ಗೋಡೆಗಳೇ ದನಿ ಎತ್ತಿಕೊಡುತ್ತವೆ. ವಚನ, ವಾರ್ತೆ, ನಾಟಕ ಕೇಳುವ ಮನೆಗೆ ಸಬ್‌ವೂಫರ್ ಬೇಕೇ ಬೇಕೆಂದೂ ಇಲ್ಲ. ಅಂಗಡಿಯವರು ಒತ್ತಾಯ ಮಾಡಿದರೆ ಆ ಹಣವನ್ನು ಒಳ್ಳೆಯ ಎರಡು ಸ್ಪೀಕರಿಗೆ ಹಾಕಿ.

ವೈರಿನ ಮಾತು. ಪುಟ್ಟಿ, ಪೇಂಟ್ ಆಗುವ ಮೊದಲೇ ಎಲೆಕ್ಟ್ರಿಶಿಯನ್ನರಿಗೆ ಹೇಳಿ ಸ್ಪೀಕರಿಗೆಂದೇ ಬೇರೆ ಪೈಪು ಎಳೆಸಿ. 230 ವೋಲ್ಟಿನ ವೈರಿರುವ ಪೈಪಿನಲ್ಲಿ ಅದನ್ನು ತೂರಿಸಬಾರದು. ಅಪಾಯವೂ ಹೌದು, ಗುಂಯ್ ಎಂಬ ಸದ್ದೂ ಸೇರುತ್ತದೆ. ಎರಡೂ ದಾಟಲೇಬೇಕಾದ ಕಡೆ ನೇರ ಅಡ್ಡವಾಗಿ ದಾಟಲಿ. ಸಾಮಾನ್ಯ ಪಡಸಾಲೆಗೆ 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿ ವೈರು ಸಾಕು. ಆಂಪ್ಲಿಫಯರ್ ಬಿಸಿಯಾಗುವ ಯಂತ್ರ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರ ಪಾದರಸ ನಲವತ್ತು ದಾಟಿರುವಾಗ ಅದನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಹೆಚ್ಚು ದಿನ ಬಾಳದು. ಮೇಲೆ ಕೆಳಗೆ ಗಾಳಿ ಆಡಲು ಕಿಂಡಿ ಬೇಕು.

ವೈರೇ ಬೇಡ, ಬ್ಲೂಟೂತ್ ಸಾಕು ಎನ್ನುವವರು ಸ್ಪೀಕರನ್ನು ಕಬ್ಬಿಣದ ಕಪಾಟಿನಲ್ಲೋ ಲೋಹದ ಜಾಲರಿಯ ಹಿಂದೆಯೋ ಇಡಬೇಡಿ, ಸಂಕೇತ ಒಳಗೆ ಹೋಗುವುದಿಲ್ಲ. ರೇಡಿಯೋ ಸೆಟ್ಟಿಗೂ ಇದೇ ನಿಯಮ. ಮೀಡಿಯಂ ವೇವ್‌ನಲ್ಲಿ ಕಲಬುರಗಿ ಹಿಡಿಯುವವರು ಸೆಟ್ಟನ್ನು ಕಿಟಕಿಯ ಬಳಿ ಇಟ್ಟು ನಿಧಾನವಾಗಿ ತಿರುಗಿಸಿ ನೋಡಿ, ಒಂದು ದಿಕ್ಕಿನಲ್ಲಿ ಚೊಕ್ಕ ಬರುತ್ತದೆ. ಹೊಸ ಎಲ್‌ಇಡಿ ಲೈಟಿನ ಡ್ರೈವರ್ ಹತ್ತಿರವಿದ್ದರೆ ಗರಗರ ಹೆಚ್ಚು. ಇದೆಲ್ಲ ತಾಪತ್ರಯವೆನ್ನುವವರಿಗೆ ಮೊಬೈಲಿನ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳು ಸಿಗುತ್ತವೆ. ಹಿರಿಯರ ಫೋನಿನಲ್ಲಿ ಮಕ್ಕಳು ಹಾಕಿಕೊಡಬೇಕು.

ನೆರೆಯವರ ಬಗ್ಗೆಯೂ ಒಂದು ಮಾತು. ವಸತಿ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ಚಾಳಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಇಬ್ಬರಿಗೂ ಸೇರಿದ ಗೋಡೆಗೆ ಸ್ಪೀಕರನ್ನು ಮೊಳೆ ಹೊಡೆದು ಕೂರಿಸಿದರೆ ಗೋಡೆಯೇ ಅವರ ಮನೆಯ ಸ್ಪೀಕರ್ ಆಗುತ್ತದೆ. ಸರಿಯಾದ ಎತ್ತರದಲ್ಲಿ, ತೆರೆದ ಮುಖದಲ್ಲಿ ಇಟ್ಟ ಸ್ಪೀಕರಿಗೆ ಜೋರು ಬೇಕಾಗುವುದಿಲ್ಲ. ಕಪಾಟಿನೊಳಗಿನದಕ್ಕೇ ಜೋರು ಬೇಕು, ಮಾತು ತಿಳಿಯದೆ ನಾವು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೇವೆ, ದಪ್ಪ ಧ್ವನಿ ಮಾತ್ರ ಪಕ್ಕದ ಮನೆಗೆ ಹೋಗುತ್ತದೆ.

ಕೆಲಸ ಪೂರ್ತಿಯಾಯಿತೆಂದು ಬಡಗಿಗೆ ಹಣ ಚುಕ್ತಾ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯ ಚಿಕ್ಕ ಮಗುವನ್ನೂ ಹಿರಿಯರನ್ನೂ ಅವರವರ ದಿನದ ಜಾಗದಲ್ಲಿ ಕೂರಿಸಿ. ಯಾರಾದರೂ ಒಬ್ಬರು ಕಾಲು, ಹಾಲು, ಪಾಲು, ಸಾಲು. ಕಡಿ, ಪಡಿ, ಸಿಡಿ, ಗಿಡ ಇಂಥ ಇಪ್ಪತ್ತು ಮಾತುಗಳನ್ನು ಮೊಬೈಲಿನಲ್ಲಿ ಹಿಂದುಮುಂದಾಗಿ ಓದಿ ಮುದ್ರಿಸಿ, ಹೊಸ ಸ್ಪೀಕರಿನಲ್ಲಿ ಸಾಮಾನ್ಯ ಮಟ್ಟದಲ್ಲಿ ಹಚ್ಚಿ. ಕೇಳಿದ್ದನ್ನು ಮಗು ತಿರುಗಿ ಹೇಳಲಿ, ಹಿರಿಯರು ಬರೆಯಲಿ. ಎಷ್ಟು ತಪ್ಪಿತೆಂದು ಎಣಿಸಿ, ಆಮೇಲೆ ಬಟ್ಟೆಯ ಚೌಕಟ್ಟು ತೆಗೆದು ಇನ್ನೊಮ್ಮೆ ಮಾಡಿ. ಎರಡು ಲೆಕ್ಕಗಳ ನಡುವೆ ಹೆಚ್ಚು ಅಂತರವಿದ್ದರೆ ಬಟ್ಟೆ ಬದಲಿಸಿ. ಇದಕ್ಕಾಗಿಯೇ ಚೌಕಟ್ಟನ್ನು ಮೊಳೆ ಹೊಡೆದು ಮುಚ್ಚಲು ಬಿಡಬಾರದು. ಕಪಾಟಿನ ಬಾಗಿಲಿಗೆ ಬಳಸುವ ಮ್ಯಾಗ್ನೆಟ್ ನಾಲ್ಕು ಮೂಲೆಗೆ ಹಾಕಿಸಿದರೆ ಕೈಯಿಂದ ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ನಮ್ಮೂರಿನ ಧೂಳಿಗೆ ಆ ಬಟ್ಟೆಯನ್ನು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆಯಾದರೂ ಒಗೆಯಬೇಕಾಗುತ್ತದೆ.